ಒಂದು ಪದಕ್ಕೆ ಹಲವು ಅರ್ಥ: ಇಂಗ್ಲಿಷ್ ನಮ್ಮನ್ನು ಗೊಂದಲಕ್ಕೆ ಕೆಡಹುವುದೇಕೆ?

ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರಲ್ಲಿ ಅನೇಕರು ಇಂದಿಗೂ ಹಣಕಾಸಿನ ಕೆಲಸಕ್ಕೆ ಸ್ವತಃ ಬ್ಯಾಂಕಿಗೇ ಬರುತ್ತಾರೆ. ಅಂಥವರಲ್ಲಿ ಒಬ್ಬರು, ನಿವೃತ್ತ ಕನ್ನಡ ಪಂಡಿತರು, ಕೆಲವು ತಿಂಗಳುಗಳ ಹಿಂದೆ ನಾವು ಕೆಲಸ ಮಾಡುವ ಶಾಖೆಗೆ ಬಂದು ನಮ್ಮ ಮೇಜಿನ ಎದುರು ಕುಳಿತರು. ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಕೈಚೀಲದಿಂದ ಒಂದು ಪತ್ರವನ್ನು ತೆಗೆದು ಮುಂದಿಟ್ಟರು. ಅವರು ತಮ್ಮ ವಸತಿ ಸಂಕೀರ್ಣದ ನಿರ್ವಹಣಾ ವೆಚ್ಚಕ್ಕೆಂದು ಕೊಟ್ಟಿದ್ದ ಚೆಕ್ಕು 'ಡಿಸಾನರ್' ಆಗಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಖಾತೆಯಲ್ಲಿ ಹಣಕ್ಕೇನೂ ಕೊರತೆಯಿರಲಿಲ್ಲ. ಎಂಬತ್ತರ ಸಮೀಪದ ಕೈ ನಡುಗಿ ಸಹಿ ಬದಲಾಗಿತ್ತು, ಅಷ್ಟೇ. ಆದರೆ ಆ ಪದದ ಅರ್ಥವನ್ನು ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಅಜ್ಜನಿಗೆ ಓದಿ ಹೇಳಿದ್ದ: ಅವಮಾನ, ಮಾನಭಂಗ, ಅಪಕೀರ್ತಿ.

"ಸ್ವಾಮಿ, ಯಾರಿಗೂ ಒಂದು ಪೈಸೆ ಬಾಕಿ ಉಳಿಸಿಕೊಂಡವನಲ್ಲ ನಾನು. ಈಗ ನನ್ನ ಮಾನ ಹೋಯಿತೆಂದು ಬ್ಯಾಂಕಿನವರೇ ಕಾಗದ ಬರೆದಿದ್ದೀರಿ. ಮನೆಯಲ್ಲಿ ಇವಳಿಗೆ ಇನ್ನೂ ಹೇಳಿಲ್ಲ" ಎಂದರು.

ಪತ್ರದ ಕೆಳಗಿದ್ದ ಸಹಿ ನಮ್ಮದೇ. ಇಂಥ ಪತ್ರಗಳು ಗಣಕಯಂತ್ರದಿಂದ ಅಚ್ಚಾಗಿ ಬರುತ್ತವೆ, ನಾವು ಸಹಿ ಹಾಕಿ ಕಳುಹಿಸುತ್ತೇವೆ. ಮೂವತ್ತು ವರ್ಷಗಳ ಸೇವೆಯಲ್ಲಿ ಆ ಪದವನ್ನು ಎಷ್ಟು ಸಲ ಕಂಡಿದ್ದರೂ, ಅದನ್ನು ಮನೆಯಲ್ಲಿ ಕುಳಿತು ಓದುವವರ ಕಿವಿಗೆ ಅದು ಹೇಗೆ ಕೇಳಿಸೀತೆಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ.

ಹುಂಡಿಗಾಗಲಿ ಚೆಕ್ಕಿಗಾಗಲಿ 'ಆನರ್' ಎಂದರೆ, ಅದರಲ್ಲಿ ಬರೆದಂತೆ ಹಣ ಸಲ್ಲಿಸುವುದು. 'ಡಿಸಾನರ್' ಎಂದರೆ ಸಲ್ಲಿಸದೆ ಹಿಂದಿರುಗಿಸುವುದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಲ್ಲಿಯೇ ಈ ಪದ ಇದೇ ಅರ್ಥದಲ್ಲಿ ಬಳಕೆಯಾಗಿದೆ. 1988ರ ತಿದ್ದುಪಡಿಯಿಂದ ಸೇರಿದ 138ನೆಯ ಕಲಮು, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಕೊಡುವುದನ್ನು ಅಪರಾಧವೆಂದು ಸಾರಿದ ಮೇಲೆ ಪದಕ್ಕೆ ನ್ಯಾಯಾಲಯದ ವಾಸನೆಯೂ ಅಂಟಿಕೊಂಡಿತು, ನಿಜ. ಆದರೂ ಅದು ಚೆಕ್ಕಿಗೆ ಆದದ್ದನ್ನು ಹೇಳುತ್ತದೆಯೇ ಹೊರತು ಚೆಕ್ಕು ಬರೆದವರ ಯೋಗ್ಯತೆಯನ್ನಲ್ಲ. ಇದನ್ನು ಪಂಡಿತರಿಗೆ ವಿವರಿಸಲು ನಾವು ತಡವರಿಸುತ್ತಿದ್ದಾಗ ನೆರವಿಗೆ ಬಂದದ್ದು ಕನ್ನಡದ್ದೇ ಒಂದು ಪದ. ಅತಿಥಿಯನ್ನು ಮನ್ನಿಸುವುದೆಂದರೆ ಗೌರವಿಸುವುದು. ತಪ್ಪನ್ನು ಮನ್ನಿಸುವುದೆಂದರೆ ಕ್ಷಮಿಸುವುದು. ಕೋರಿಕೆಯನ್ನು ಮನ್ನಿಸುವುದೆಂದರೆ ನಡೆಸಿಕೊಡುವುದು. "ಚೆಕ್ಕೂ ಒಂದು ಕೋರಿಕೆಯೇ. ನಾವು ಮನ್ನಿಸಲಿಲ್ಲ, ಅಷ್ಟೇ" ಎಂದೆವು. ಪಂಡಿತರ ಮುಖ ಸ್ವಲ್ಪ ತಿಳಿಯಾಯಿತು.

ಪದಗಳಿಗೆ ಅನೇಕ ಅರ್ಥಗಳು ಹುಟ್ಟುವುದು ಎರಡು ಬಗೆಯಲ್ಲಿ. ಮೊದಲನೆಯದು 'ಮನ್ನಿಸು' ಪದದ ದಾರಿ. ಬೇರು ಒಂದೇ, ಕೊಂಬೆಗಳು ಹಲವು. ನಮ್ಮ 'ಹಿಡಿ' ಪದವನ್ನು ನೋಡಿ. ಹಗ್ಗ ಹಿಡಿಯುತ್ತೇವೆ, ಮಗು ಹಠ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬೆಂಗಳೂರಿಗೆ ಹೋಗಲು ಆರು ಗಂಟೆ ಹಿಡಿಯುತ್ತದೆ, ಕೈ ಹಿಡಿದವಳು ಹೆಂಡತಿಯಾಗುತ್ತಾಳೆ. ಯಾವ ಕನ್ನಡಿಗನೂ ಇವುಗಳಿಂದ ಗೊಂದಲಗೊಂಡದ್ದಿಲ್ಲ. ಇದೇ ಪಟ್ಟಿಯನ್ನು ಕನ್ನಡ ಕಲಿಯುತ್ತಿರುವ ಹೊರಗಿನವರ ಮುಂದಿಟ್ಟರೆ ಅವರ ಪಾಡು ನಮ್ಮ ಇಂಗ್ಲಿಷಿನ ಪಾಡೇ ಆಗುತ್ತದೆ.

ಎರಡನೆಯ ದಾರಿ ಇದಕ್ಕೆ ತದ್ವಿರುದ್ಧ. ಸಂಬಂಧವೇ ಇಲ್ಲದ ಪದಗಳು ಕಾಲಕ್ರಮದಲ್ಲಿ ಸವೆದು ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಇದಕ್ಕೆ ಉದಾಹರಣೆಯನ್ನು ಪಂಡಿತರೇ ಕೊಟ್ಟರು: 'ಕರೆ'. ಇಂದಿನ ಕನ್ನಡದಲ್ಲಿ ಕೂಗುವುದೂ ಕರೆ, ಹಾಲು ಹಿಂಡುವುದೂ ಕರೆ, ಬಟ್ಟೆಯ ಮೇಲಿನ ಕಲೆಯೂ ಕರೆ, ಹೊಳೆಯ ದಡವೂ ಕರೆ. ಹಳಗನ್ನಡದಲ್ಲಿ ಹೀಗಿರಲಿಲ್ಲ. ಕೂಗುವ ಕರೆಗೂ ದಡದ ಕರೆಗೂ ಸಾಮಾನ್ಯ ರಕಾರ. ಹಾಲಿನ 'ಕಱೆ', ಕಲೆಯ 'ಕಱೆ'ಗಳಿಗೆ ಶಕಟರೇಫ. ಆ ಅಕ್ಷರ ಬಳಕೆಯಿಂದ ಮರೆಯಾದಾಗ ಎಲ್ಲವೂ ಒಂದೇ ಆಗಿಬಿಟ್ಟವು. ತಮಿಳಿನ ನಡುವೆ ಬದುಕುವ ನಮಗೆ ಇದನ್ನು ಕಣ್ಣಾರೆ ಕಾಣುವ ಸೌಕರ್ಯವಿದೆ. ಚೆನ್ನೈ ಬೀಚ್ ರೈಲು ನಿಲ್ದಾಣದ ತಮಿಳು ಫಲಕದಲ್ಲಿರುವ 'ಕಡಱ್ಕರೈ' ಪದದ 'ಕರೈ' ನಮ್ಮ ದಡದ ಕರೆಯೇ. ಬಟ್ಟೆಯ ಕಲೆಗೆ ತಮಿಳರು ಬರೆಯುವುದು 'ಕಱೈ'. ನಾವು ಕಳೆದುಕೊಂಡ ಅಕ್ಷರವನ್ನು ನೆರೆಮನೆಯವರು ಬರಹದಲ್ಲಿ ಇನ್ನೂ ಉಳಿಸಿಕೊಂಡಿದ್ದಾರೆ.

ಇನ್ನು ಇಂಗ್ಲಿಷಿಗೆ ಬರೋಣ. ಅಲ್ಲಿ ಈ ಎರಡೂ ದಾರಿಗಳು ವಿಪರೀತವಾಗಿ ಹೆಣೆದುಕೊಂಡಿವೆ. ಅದಕ್ಕೆ ಕಾರಣ ಆ ಭಾಷೆಯ ಚರಿತ್ರೆ. ಆಂಗ್ಲೋ-ಸ್ಯಾಕ್ಸನ್ ಜನರ ನುಡಿಯೊಂದಿಗೆ ಸ್ಕ್ಯಾಂಡಿನೇವಿಯದಿಂದ ಬಂದವರ ನುಡಿ ಬೆರೆಯಿತು; 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಅರಮನೆಯಿಂದ ಅಡುಗೆಮನೆಯವರೆಗೂ ಹರಿದವು; ವಿದ್ಯಾವಂತರು ಲ್ಯಾಟಿನ್ನಿನಿಂದ ಬೇಕಾದಷ್ಟು ತಂದುಕೊಂಡರು. ಹೀಗೆ ಮೂರು ನಾಲ್ಕು ಕಡೆಗಳಿಂದ ಬಂದ ಪದಗಳು ಒಂದೇ ಬಾಯಲ್ಲಿ ಉರುಳಿ ನುಣುಪಾದವು. 'ಬಾರ್ಕ್' ಪದದಲ್ಲಿ ನಾಯಿಯ ಬೊಗಳುವಿಕೆ ಹಳೆಯ ಇಂಗ್ಲಿಷಿನದು, ಮರದ ತೊಗಟೆ ಸ್ಕ್ಯಾಂಡಿನೇವಿಯದ್ದು, ಹಡಗು ಫ್ರೆಂಚಿನ ಮೂಲಕ ಬಂದದ್ದು. 'ಲೈಟ್' ಎಂದರೆ ಬೆಳಕೂ ಹೌದು, ಹಗುರವೂ ಹೌದು. ಇವೆರಡಕ್ಕೂ ಬೇರೆ ಬೇರೆ ಬೇರುಗಳು.

ಇದರ ಜೊತೆಗೆ ಹಳೆಯ ಇಂಗ್ಲಿಷಿನ ಪ್ರತ್ಯಯಗಳೂ ಉದುರಿಹೋದವು. ನಮ್ಮಲ್ಲಿ 'ಪ್ರೀತಿ' ನಾಮಪದ, 'ಪ್ರೀತಿಸು' ಕ್ರಿಯಾಪದ. ಪದದ ಬಾಲವನ್ನು ನೋಡಿದೊಡನೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಬಾಲ ಉದುರಿದ ಮೇಲೆ ಎರಡಕ್ಕೂ 'ಲವ್' ಒಂದೇ ಉಳಿಯಿತು. 'ಬುಕ್' ಎಂದರೆ ಪುಸ್ತಕವೋ, ಟಿಕೆಟು ಕಾದಿರಿಸುವುದೋ ಎಂಬುದನ್ನು ಅಕ್ಕಪಕ್ಕದ ಪದಗಳೇ ಹೇಳಬೇಕು.

ನಮ್ಮ ಅನ್ನದ ಪದವಾದ 'ಬ್ಯಾಂಕ್' ಕತೆ ಇನ್ನೂ ಸ್ವಾರಸ್ಯದ್ದು. ನದಿಯ ದಡವೆಂಬ ಅರ್ಥದ ಪದ ಸ್ಕ್ಯಾಂಡಿನೇವಿಯ ಮೂಲದ್ದು. ಹಣದ ಬ್ಯಾಂಕ್ ಬಂದದ್ದು ಇಟಲಿಯ 'ಬಾಂಕಾ' ಪದದಿಂದ. ಬಾಂಕಾ ಎಂದರೆ ನಾಣ್ಯ ವಿನಿಮಯ ಮಾಡುವವರು ವ್ಯವಹಾರ ನಡೆಸುತ್ತಿದ್ದ ಬೆಂಚು, ಮೇಜು. ಹಾಗಾದರೆ ಇವೆರಡೂ ಸಂಬಂಧವಿಲ್ಲದವೇ? ಅಲ್ಲ! ಇಟಲಿಯವರು ಆ ಪದವನ್ನು ಪಡೆದದ್ದು ಜರ್ಮಾನಿಕ್ ಭಾಷೆಗಳಿಂದ. ಇಂಗ್ಲಿಷಿನ 'ಬೆಂಚ್' ಕೂಡ ಅದೇ ಮನೆತನದ್ದು. ದೂರದ ದಾಯಾದಿಗಳು ಬೇರೆ ಬೇರೆ ರಸ್ತೆಗಳಲ್ಲಿ ಬಂದು ಒಂದೇ ಮನೆಯಲ್ಲಿ ಕುಳಿತಂತೆ. ನಾವು ಕನ್ನಡಕ್ಕೆ 'ಬ್ಯಾಂಕು' ಎಂದು ತಂದುಕೊಂಡಾಗ ಹಣದ ಅರ್ಥವನ್ನು ಮಾತ್ರ ತಂದೆವು. ದಡವನ್ನು ಅಲ್ಲಿಯೇ ಬಿಟ್ಟೆವು. ಎರವಲು ತರುವವರು ಇಡೀ ಪದವನ್ನು ತರುವುದಿಲ್ಲ, ತಮಗೆ ಬೇಕಾದ ಒಂದು ಅರ್ಥವನ್ನು ಮಾತ್ರ ತರುತ್ತಾರೆ. ಕನ್ನಡದಲ್ಲಿ ಚೆನ್ನಾಗಿ ಗೊತ್ತಿರುವ ಇಂಗ್ಲಿಷ್ ಪದವೇ ಇಂಗ್ಲಿಷ್ ವಾಕ್ಯದಲ್ಲಿ ನಮ್ಮನ್ನು ಎಡವಿಸುವುದು ಇದರಿಂದ.

'ಇಂಟರೆಸ್ಟ್' ಎಂದರೆ ಆಸಕ್ತಿ, ಹಿತಾಸಕ್ತಿ, ಬಡ್ಡಿ. ಲ್ಯಾಟಿನ್ನಿನಲ್ಲಿ ಇದರ ಮೂಲಾರ್ಥ 'ನಡುವೆ ಇರುವುದು, ವ್ಯತ್ಯಾಸವನ್ನುಂಟುಮಾಡುವುದು'. ಯೂರೋಪಿನ ಮಧ್ಯಯುಗದಲ್ಲಿ ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚು ಪಾಪವೆಂದು ನಿಷೇಧಿಸಿತ್ತು. ಆದರೆ ಸಾಲಗಾರ ಅವಧಿ ಮೀರಿದಾಗ ಕೊಟ್ಟವನಿಗಾದ ನಷ್ಟವನ್ನು ತುಂಬಿಸಿಕೊಳ್ಳಲು ಅವಕಾಶವಿತ್ತು. ಆ ನಷ್ಟ ಪರಿಹಾರದ ಹೆಸರೇ ಕ್ರಮೇಣ ಬಡ್ಡಿಗೆ ನಿಂತಿತು. ನಮ್ಮ 'ಬಡ್ಡಿ'ಗೆ ಇಷ್ಟು ಮುಚ್ಚುಮರೆ ಬೇಕಾಗಲಿಲ್ಲ. ಅದು ಸಂಸ್ಕೃತದ 'ವೃದ್ಧಿ'ಯಿಂದ ಬಂದದ್ದು, ಬೆಳೆಯುವುದೆಂದು ನೇರವಾಗಿಯೇ ಹೇಳುತ್ತದೆ. ಸಾಲ ಪಡೆದವರಿಗೆ ಅದು ಹೇಗೆ ಬೆಳೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ!

'ಸ್ಯಾಂಕ್ಷನ್' ಎಂಬ ಪದವಂತೂ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಸಾಲ ಸ್ಯಾಂಕ್ಷನ್ ಆಯಿತೆಂದರೆ ಮಂಜೂರಾತಿ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರೆಂದರೆ ನಿರ್ಬಂಧ. ಮೂಲದಲ್ಲಿ ಅದು ವಿಧಿಯನ್ನು ಪವಿತ್ರವೆಂದು ಸ್ಥಾಪಿಸುವುದು. ವಿಧಿಯಲ್ಲಿ ಒಪ್ಪಿಗೆಯೂ ಇರುತ್ತದೆ, ಮೀರಿದವರಿಗೆ ಶಿಕ್ಷೆಯೂ ಇರುತ್ತದೆ. ಒಂದೇ ಬೇರಿನಿಂದ ಎರಡು ಕೊಂಬೆಗಳು ಎದುರುಬದುರಾಗಿ ಬೆಳೆದವು.

ಒಂದೊಂದು ಅರ್ಥಕ್ಕೂ ಒಂದೊಂದು ಪದವಿದ್ದರೆ ಚೆನ್ನಲ್ಲವೇ ಎಂದು ಮಕ್ಕಳು ಕೇಳುವುದುಂಟು. ಹಾಗಾದರೆ ನೆನಪಿಟ್ಟುಕೊಳ್ಳಬೇಕಾದ ಪದಗಳ ರಾಶಿ ಯಾರ ತಲೆಗೂ ಹಿಡಿಸದು. ಹೊಸ ಪದವನ್ನು ಕಟ್ಟುವುದಕ್ಕಿಂತ ಇರುವ ಪದವನ್ನೇ ಕೊಂಚ ಹಿಗ್ಗಿಸಿಕೊಳ್ಳುವುದು ಸುಲಭ. ಆದ್ದರಿಂದಲೇ ಹೆಚ್ಚು ದುಡಿಯುವ ಪದಗಳಿಗೆ ಹೆಚ್ಚು ಅರ್ಥಗಳಿರುತ್ತವೆ. ಅಮೆರಿಕದ ವಿದ್ವಾಂಸ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲಿಯೇ ಪದದ ಬಳಕೆಗೂ ಅದರ ಅರ್ಥಗಳ ಸಂಖ್ಯೆಗೂ ಇರುವ ಈ ಸಂಬಂಧವನ್ನು ತೋರಿಸಿದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಪುಟ್ಟ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿವೆ. ಕಠಿಣವೆಂದು ನಾವು ಹೆದರುವ ಉದ್ದನೆಯ ಪದಗಳು ಸಾಮಾನ್ಯವಾಗಿ ಒಂದೆರಡು ಅರ್ಥಗಳಲ್ಲಿ ಮುಗಿದುಹೋಗುತ್ತವೆ. ಮೋಸ ಮಾಡುವುದು ಚಿಕ್ಕ ಪದಗಳೇ.

ಅರ್ಥವನ್ನು ತೀರ್ಮಾನಿಸುವ ಬಗೆಯನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಚಿಂತಿಸಿದ್ದರು. ಅಮರಕೋಶದಲ್ಲಿ ಅನೇಕಾರ್ಥದ ಪದಗಳಿಗಾಗಿಯೇ ನಾನಾರ್ಥವರ್ಗವಿದೆ. 'ಸೈಂಧವ' ಎಂದರೆ ಉಪ್ಪೂ ಹೌದು, ಸಿಂಧೂ ದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವ ತಾ ಎಂದಾಗ ಕುದುರೆ ತಂದು ನಿಲ್ಲಿಸುವವನು ಪದವನ್ನು ಬಲ್ಲವನೇ, ಸಂದರ್ಭವನ್ನು ಅರಿಯದವನು. ಭರ್ತೃಹರಿ ತನ್ನ ವಾಕ್ಯಪದೀಯದಲ್ಲಿ ಪ್ರಕರಣ, ಸಾಹಚರ್ಯ, ಔಚಿತ್ಯ, ದೇಶ, ಕಾಲ ಮೊದಲಾದ ಅರ್ಥನಿರ್ಣಯದ ಸಾಧನಗಳನ್ನು ಎಣಿಸಿದ್ದಾನೆ. ಮೊಮ್ಮಗ ಮೊಬೈಲಿನಲ್ಲಿ ಹುಡುಕುವಾಗ ಪದವನ್ನು ಮಾತ್ರ ಕೊಟ್ಟ, ಪ್ರಕರಣವನ್ನು ಕೊಡಲಿಲ್ಲ. ಅವನನ್ನು ದೂರಲಾಗದು. ಊಟಕ್ಕೆ ಕುಳಿತವರ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದವರು ನಾವೇ. ಪತ್ರ ಕಳುಹಿಸುವ ಮೊದಲು ಒಂದು ಫೋನು ಮಾಡಿ, "ಸಹಿ ಸರಿಹೊಂದುತ್ತಿಲ್ಲ, ಒಮ್ಮೆ ಬಂದು ಹೋಗಿ" ಎಂದು ಹೇಳಿದ್ದರೆ ಸಾಕಾಗಿತ್ತು. ಈಗ ವಯಸ್ಸಾದವರ ವಿಷಯದಲ್ಲಿ ಹಾಗೆಯೇ ಮಾಡುತ್ತಿದ್ದೇವೆ.

ಅಂದು ಪಂಡಿತರು ಹೊಸ ಮಾದರಿ ಸಹಿಯನ್ನು ಕನ್ನಡದಲ್ಲಿ, ನಿಧಾನವಾಗಿ, ಮೂರು ಸಲ ಬರೆದುಕೊಟ್ಟರು. ಮರುವಾರ ಅವರ ಇನ್ನೊಂದು ಚೆಕ್ಕು ಬಂದಿತು. ನಾವೇ ಫೋನು ಮಾಡಿ, "ಪಂಡಿತರೇ, ನಿಮ್ಮ ಚೆಕ್ಕು ಪಾಸಾಯಿತು" ಎಂದು ತಿಳಿಸಿದೆವು.

"ಸಂತೋಷ. ಎಷ್ಟು ಅಂಕ ಬಂತು?" ಎಂದರು.