ಕಡತಗಳ ವಿಳಾಸ ತಪ್ಪಿದಾಗ

ಶಾಲೆಯ ಕಪಾಟಿನಲ್ಲಿ ಒಂದು ಪುಸ್ತಕ ಇದೆ. ಆದರೆ ಪುಸ್ತಕಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿ ನೋಡಿ ಪುಸ್ತಕ ಕೇಳುವವರಿಗೆ ಅದು ಸಿಗುವುದೇ ಇಲ್ಲ. ಇನ್ನೊಂದು ಪುಸ್ತಕದ ಹೆಸರು ಪಟ್ಟಿಯಲ್ಲಿದೆ, ಆದರೆ ಪುಸ್ತಕವೇ ಕಳೆದುಹೋಗಿದೆ. ಅದನ್ನು ಹುಡುಕಿದವರ ಶ್ರಮ ವ್ಯರ್ಥ. ಕಂಪ್ಯೂಟರಿನಲ್ಲಿಯೂ ಹೀಗಾಗುತ್ತದೆಯೇ? ಆಗುತ್ತದೆ. ಅದನ್ನು ಸರಿಪಡಿಸುವ ಬಗೆ ತಿಳಿಯಲು, ಅಂತರಜಾಲ ಮನೆಮನೆಗೆ ಬರುವ ಮೊದಲು ಬಳಕೆಯಲ್ಲಿದ್ದ ಒಂದು ವ್ಯವಸ್ಥೆಯನ್ನು ನೋಡೋಣ.

ದೂರವಾಣಿಯ ಮೂಲಕ ಸೂಚನಾ ಫಲಕ

1978ರ ಜನವರಿಯಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಭಾರೀ ಹಿಮ ಬಿದ್ದಿತು. ಜನ ಮನೆಯಿಂದ ಹೊರಬರುವುದೇ ಕಷ್ಟವಾಯಿತು. ಆಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಕಂಪ್ಯೂಟರ್ ಹವ್ಯಾಸಿಗಳು ಒಂದು ಹೊಸ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಕ್ರಿಸ್ಟೆನ್ಸನ್ ಕ್ರಮವಿಧಿ ಬರೆದರು. ಸೂಸ್ ಯಂತ್ರದ ಭಾಗಗಳನ್ನು ಜೋಡಿಸಿದರು. 1978ರ ಫೆಬ್ರವರಿ 16ರಂದು ಅದು ಎಲ್ಲರಿಗೂ ತೆರೆಯಿತು. ಇಂತಹ ವ್ಯವಸ್ಥೆಗೆ ‘ಬುಲೆಟಿನ್ ಬೋರ್ಡ್ ಸಿಸ್ಟಂ’ ಎಂದು ಹೆಸರು. ಚಿಕ್ಕದಾಗಿ ಬಿಬಿಎಸ್.

ಇದು ಕೆಲಸ ಮಾಡುವ ರೀತಿ ಸರಳ. ಒಬ್ಬರ ಮನೆಯ ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸಿರುತ್ತಾರೆ. ನಡುವೆ ‘ಮೋಡೆಮ್’ ಎಂಬ ಸಾಧನ ಇರುತ್ತದೆ. ಅದು ಕಂಪ್ಯೂಟರಿನ ಸಂಕೇತಗಳನ್ನು ಶಬ್ದವಾಗಿ ಬದಲಾಯಿಸಿ ತಂತಿಯಲ್ಲಿ ಕಳಿಸುತ್ತದೆ. ಇನ್ನೊಂದು ತುದಿಯ ಮೋಡೆಮ್ ಶಬ್ದವನ್ನು ಮತ್ತೆ ಸಂಕೇತವಾಗಿಸುತ್ತದೆ. ಮೊದಮೊದಲು ಜನ ಅಲ್ಲಿ ಸಂದೇಶಗಳನ್ನು ಬರೆದಿಡುತ್ತಿದ್ದರು. ಮುಂದೆ ಬಂದ ಬಿಬಿಎಸ್‌ಗಳಲ್ಲಿ ಆಟ, ಚಿತ್ರ, ಲೇಖನಗಳ ಕಡತಗಳನ್ನೂ ಹಂಚಿಕೊಂಡರು.

ಆಗಿನ ವೇಗ ಎಷ್ಟಿತ್ತು ಗೊತ್ತೇ? ಸೆಕೆಂಡಿಗೆ 300 ಬಿಟ್ ಸಾಗಿಸುವ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ಮಾತ್ರ ಕಳಿಸಬಲ್ಲದು. 36,000 ಅಕ್ಷರಗಳ ಒಂದು ಕಡತ ಬರಲು 20 ನಿಮಿಷ ಬೇಕು! ದೂರವಾಣಿ ಸಂಪರ್ಕ ಒಂದೇ ಇದ್ದರೆ ಅಷ್ಟು ಹೊತ್ತು ಉಳಿದವರು ಕಾಯಬೇಕು. ಆದ್ದರಿಂದ ಬೇಕಾದ ಕಡತ ಬೇಗ ಸಿಗುವುದು ಬಹಳ ಮುಖ್ಯವಾಗಿತ್ತು.

ಪಟ್ಟಿ ಬೇರೆ, ಸೂಚಿ ಬೇರೆ

ಬಿಬಿಎಸ್ ತನ್ನ ಪ್ರತಿ ಕಡತಕ್ಕೂ ಒಂದು ದಾಖಲೆ ಇಡುತ್ತದೆ. ಕಡತದ ಹೆಸರು, ಗಾತ್ರ, ದಿನಾಂಕ, ವಿವರಣೆ ಅದರಲ್ಲಿರುತ್ತವೆ. ಕಡತಗಳು ಬಂದ ಹಾಗೆ ದಾಖಲೆಗಳೂ ಸಾಲಾಗಿ ಸೇರುತ್ತವೆ. ಐದು ಕಡತಗಳ ಪಟ್ಟಿ ಹೀಗಿದೆ ಎಂದುಕೊಳ್ಳಿ:

1. ಹಡಗು
2. ಗಣಿತ
3. ಚಿತ್ರ
4. ಆಟ
5. ಪತ್ರ

ಈ ಕ್ರಮದಲ್ಲಿ ಹುಡುಕಲು ಮೊದಲಿನಿಂದ ಒಂದೊಂದೇ ಹೆಸರು ನೋಡುತ್ತಾ ಹೋಗಬೇಕು. ಐದಾದರೆ ಸರಿ, 1,000 ಇದ್ದರೆ? ಅದಕ್ಕಾಗಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಸೂಚಿ ಬೇಕು. ಅದರಲ್ಲಿ ಹೆಸರಿನ ಮುಂದೆ ದಾಖಲೆಯ ಸಂಖ್ಯೆ ಇರುತ್ತದೆ:

ಆಟ – 4, ಗಣಿತ – 2, ಚಿತ್ರ – 3, ಪತ್ರ – 5, ಹಡಗು – 1.

ನಿಘಂಟಿನಲ್ಲಿ ಪದ ಹುಡುಕುವಾಗ ನಾವು ನಡುವಿನ ಪುಟ ತೆರೆಯುತ್ತೇವೆ. ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ ಅರ್ಧ ಭಾಗವನ್ನು ಬಿಟ್ಟುಬಿಡುತ್ತೇವೆ. ಕಂಪ್ಯೂಟರ್ ಸಹ ಸೂಚಿಯಲ್ಲಿ ಹೀಗೆ ಅರ್ಧ, ಅರ್ಧದಲ್ಲಿ ಅರ್ಧ ಎಂದು ಬಿಡುತ್ತಾ ಹೋದರೆ 1,000 ಹೆಸರುಗಳಲ್ಲಿ ಒಂದನ್ನು ಹೆಚ್ಚೆಂದರೆ 10 ಹೆಜ್ಜೆಗಳಲ್ಲಿ ಹುಡುಕುತ್ತದೆ.

ಸೂಚಿ ಕೆಡುವುದು ಹೇಗೆ?

ಈಗ ‘ಗಣಿತ’ ಕಡತವನ್ನು ತೆಗೆದುಹಾಕೋಣ. ಖಾಲಿಯಾದ ಜಾಗಕ್ಕೆ ಉಳಿದ ದಾಖಲೆಗಳನ್ನು ಮುಂದೆ ಸರಿಸೋಣ. ಪಟ್ಟಿ ಹೀಗಾಗುತ್ತದೆ: 1. ಹಡಗು, 2. ಚಿತ್ರ, 3. ಆಟ, 4. ಪತ್ರ. ಆದರೆ ಹಳೆಯ ಸೂಚಿ ‘ಆಟ – 4’ ಎನ್ನುತ್ತಿದೆ. ಅಲ್ಲಿ ಹೋದರೆ ಸಿಗುವುದು ಪತ್ರ! ‘ಪತ್ರ – 5’ ಎನ್ನುತ್ತಿದೆ. ಅಲ್ಲಿ ಏನೂ ಇಲ್ಲ. ಕಡತಗಳು ಕ್ಷೇಮವಾಗಿವೆ, ವಿಳಾಸ ಮಾತ್ರ ತಪ್ಪಿದೆ.

ದಾಖಲೆ ಬರೆದು ಮುಗಿಸಿ, ಸೂಚಿ ಬರೆಯುವ ಮೊದಲೇ ವಿದ್ಯುತ್ ಹೋದರೂ ಇದೇ ತೊಂದರೆ. ಆಗ ಹೊಸ ದಾಖಲೆ ಇದ್ದೂ ಇಲ್ಲದಂತಾಗುತ್ತದೆ.

ಸರಿಪಡಿಸುವ ಕ್ರಮ

ಬಿಬಿಎಸ್ ನೋಡಿಕೊಳ್ಳುವವರನ್ನು ‘ಸಿಸಾಪ್’ ಎನ್ನುತ್ತಿದ್ದರು. ಅವರು ಆಗಾಗ ಮಾಡಬೇಕಾದ ಕೆಲಸ ಇದು:

1. ಸ್ವಲ್ಪ ಹೊತ್ತು ಹೊರಗಿನ ಕರೆಗಳನ್ನು ನಿಲ್ಲಿಸುವುದು. ಕೆಲಸದ ನಡುವೆ ಯಾರಾದರೂ ಹೊಸ ಕಡತ ಸೇರಿಸಿದರೆ ಮತ್ತೆ ಗೊಂದಲ.
2. ಎಲ್ಲದರ ಪ್ರತಿಯನ್ನು ಬೇರೊಂದು ಕಡೆ ಇಟ್ಟುಕೊಳ್ಳುವುದು.
3. ಪಟ್ಟಿಯನ್ನು ಡಿಸ್ಕಿನಲ್ಲಿರುವ ಕಡತಗಳೊಂದಿಗೆ ತಾಳೆ ನೋಡುವುದು. ಬಿಟ್ಟುಹೋದವನ್ನು ಸೇರಿಸಿ, ಇಲ್ಲದವನ್ನು ತೆಗೆಯುವುದು.
4. ಹಳೆಯ ಸೂಚಿಯನ್ನು ಅಳಿಸಿ, ಪಟ್ಟಿಯನ್ನು ಮೊದಲಿನಿಂದ ಓದಿ ಹೊಸ ಸೂಚಿ ತಯಾರಿಸುವುದು. ಇದೇ ಮರುಸೂಚೀಕರಣ.
5. ಕೆಲವು ಹೆಸರುಗಳನ್ನು ಹುಡುಕಿ ಪರೀಕ್ಷಿಸುವುದು.

ಸೂಚಿಯನ್ನು ಅಳಿಸಲು ಹೆದರಬೇಕಿಲ್ಲವೇ? ಇಲ್ಲ. ಪಟ್ಟಿ ಸರಿಯಾಗಿದ್ದರೆ ಸೂಚಿಯನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ಕಡತವೇ ಹಾಳಾದರೆ ಎಂತಹ ಸೂಚಿಯಿಂದಲೂ ಅದನ್ನು ಮರಳಿ ಪಡೆಯಲಾಗದು. ಎರಡನೆಯ ಹೆಜ್ಜೆಯಲ್ಲಿ ಪ್ರತಿ ತೆಗೆದಿಡುವುದು ಇದಕ್ಕಾಗಿಯೇ.

1990ರ ದಶಕದಲ್ಲಿ ಅಂತರಜಾಲ ಹರಡಿದಂತೆ ಬಿಬಿಎಸ್‌ಗಳ ಬಳಕೆ ತೀರ ಕಡಿಮೆಯಾಯಿತು. ಆದರೆ ಸೂಚಿಯ ಉಪಾಯ ಹಳೆಯದಾಗಿಲ್ಲ. ಅಂತರಜಾಲದಲ್ಲಿ ಒಂದು ಪದ ಹುಡುಕಿದಾಗ ಉತ್ತರ ಬೇಗ ಬರುವುದು ಮೊದಲೇ ಸೂಚಿ ತಯಾರಿಸಿ ಇಟ್ಟಿರುವುದರಿಂದ.

ನೀವೇ ಮಾಡಿ ನೋಡಿ

20 ಚೀಟಿಗಳ ಮೇಲೆ 20 ಪುಸ್ತಕಗಳ ಹೆಸರು ಬರೆಯಿರಿ. ಅವನ್ನು ಕಲಸಿ, ಸಾಲಾಗಿ ಇಟ್ಟು 1ರಿಂದ 20ರವರೆಗೆ ಸಂಖ್ಯೆ ಕೊಡಿ. ಬೇರೊಂದು ಹಾಳೆಯಲ್ಲಿ ಅಕಾರಾದಿ ಸೂಚಿ ಬರೆಯಿರಿ. ಈಗ 8ನೆಯ ಚೀಟಿಯನ್ನು ತೆಗೆದು, ಉಳಿದವಕ್ಕೆ ಹೊಸದಾಗಿ ಸಂಖ್ಯೆ ಕೊಡಿ. ಹಳೆಯ ಸೂಚಿಯಲ್ಲಿ ಎಷ್ಟು ವಿಳಾಸಗಳು ಈಗಲೂ ಸರಿಯಾಗಿವೆ? 8ನೆಯದರ ಬದಲು 20ನೆಯ ಚೀಟಿ ತೆಗೆದಿದ್ದರೆ ಎಷ್ಟು ಸರಿಯಾಗಿರುತ್ತಿದ್ದವು? 1ನೆಯದನ್ನು ತೆಗೆದಿದ್ದರೆ? ಗೆಳೆಯರೊಂದಿಗೆ ಚರ್ಚಿಸಿ.