ಮನೆಬಾಗಿಲಿಗೆ ಬರುವ ಗುಳಿಗೆಯೂ ಬಿಡದ ಒಣಕೆಮ್ಮೂ

2021ನೆಯ ಇಸವಿಯ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ತಮಿಳುನಾಡು ಸರ್ಕಾರವು ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆಯನ್ನು ಆರಂಭಿಸಿದುದು ಓದುಗರಿಗೆ ನೆನಪಿದ್ದೀತು. ಹೆಸರು ಕೇಳಿ ಇದು ಎಳೆಯ ಮಕ್ಕಳ ವೈದ್ಯವೆಂದು ಭಾವಿಸಿದ ಅಜ್ಜಿಯರೂ ನಮ್ಮವರಲ್ಲಿದ್ದರು. ತಮಿಳಿನ ‘ಮಕ್ಕಳ್’ ಎಂದರೆ ಜನರು. ಜನರನ್ನು ಅರಸಿ ಬರುವ ವೈದ್ಯಸೇವೆ ಎಂಬುದೇ ಅದರ ಅರ್ಥ. ರಕ್ತದೊತ್ತಡದ ಗುಳಿಗೆ ಮನೆಬಾಗಿಲಿಗೇ ಬರತೊಡಗಿದುದು ದೊಡ್ಡ ಉಪಕಾರವೇ ಸರಿ. ಆದರೆ ನುಂಗಿದ ಗುಳಿಗೆ ಒಳಗೆ ಮಾಡುವುದೇನೆಂದು ನಮ್ಮ ಮಾತಿನಲ್ಲಿ ತಿಳಿಸುವವರು ಕಡಿಮೆ.

ಡೆಂಕಣಿಕೋಟೆಯ ಸಮೀಪದಲ್ಲಿರುವ ನಮ್ಮ ಸೋದರತ್ತೆಯವರಿಗೆ ವೈದ್ಯರೊಬ್ಬರು ಎನಲಾಪ್ರಿಲ್ ಗುಳಿಗೆಯನ್ನು ಬರೆದುಕೊಟ್ಟಿದ್ದರು. ಕೆಲವು ವಾರಗಳಲ್ಲಿ ಒಣಕೆಮ್ಮು ಹತ್ತಿತು. ತುಳಸಿ, ಮೆಣಸು, ಶುಂಠಿಯ ಕಷಾಯವಾಯಿತು. ಎರಡು ಬಾಟಲಿ ಟಾನಿಕ್ಕೂ ಮುಗಿಯಿತು. ಕಫವಿಲ್ಲ, ಜ್ವರವಿಲ್ಲ, ರಾತ್ರಿಯೆಲ್ಲ ಕೆಮ್ಮು. ಗುಳಿಗೆ ಉಷ್ಣವೆಂದು ಯಾರೋ ಹೇಳಿದರೆಂದು ಅತ್ತೆಯವರು ಅದನ್ನು ತಾವಾಗಿಯೇ ಬಿಟ್ಟರು. ಕೆಮ್ಮು ನಿಂತಿತು, ಒತ್ತಡ ಏರಿತು.

ಈ ಕೆಮ್ಮಿನ ಮೂಲ ಒಂದು ಕಿಣ್ವದಲ್ಲಿದೆ. ಪ್ರೋಟೀನಿನ ತುಣುಕುಗಳಾದ ಪೆಪ್ಟೈಡುಗಳನ್ನು ಕತ್ತರಿಸುವುದೇ ಅದರ ಕಸುಬು. ಆಂಜಿಯೋಟೆನ್ಸಿನ್-1 ಎಂಬುದು ಹತ್ತು ಅಮೈನೋ ಆಮ್ಲಗಳ ಸರ. ಅದರ ತುದಿಯ ಎರಡು ಮಣಿಗಳನ್ನು ಈ ಕಿಣ್ವ ಕತ್ತರಿಸುತ್ತದೆ. ಉಳಿದ ಎಂಟು ಮಣಿಗಳ ಆಂಜಿಯೋಟೆನ್ಸಿನ್-2 ರಕ್ತನಾಳಗಳನ್ನು ಬಿಗಿಸಿ, ದೇಹದಲ್ಲಿ ಉಪ್ಪುನೀರನ್ನು ಹಿಡಿದಿಡುತ್ತದೆ. ಗಾಯವಾಗಿ ರಕ್ತ ಹೋದಾಗ ಪ್ರಾಣ ಕಾಯುವ ಏರ್ಪಾಡಿದು. ಸದಾಕಾಲ ಬಿಗಿಯಾಗಿಯೇ ಇದ್ದರೆ ಹೃದಯಕ್ಕೂ ಮೂತ್ರಪಿಂಡಕ್ಕೂ ಹಾನಿ. ಶ್ವಾಸಕೋಶದ ರಕ್ತನಾಳಗಳ ಒಳಪದರದಲ್ಲಿ ಈ ಕಿಣ್ವ ಹೇರಳವಾಗಿದೆ. ಅಲ್ಲಿ ಅದು ಬ್ರಾಡಿಕೈನಿನ್ ಎಂಬ ಮತ್ತೊಂದು ಪೆಪ್ಟೈಡನ್ನೂ ಕತ್ತರಿಸಿ ಹಾಕುತ್ತದೆ. ‘ಪ್ರಿಲ್’ ಎಂದು ಕೊನೆಗೊಳ್ಳುವ ಔಷಧಗಳು ಕತ್ತರಿಯನ್ನೇ ತಡೆಯುವುದರಿಂದ ಒತ್ತಡ ಇಳಿಯುತ್ತದೆ. ಬ್ರಾಡಿಕೈನಿನ್ ಮಾತ್ರ ಉಳಿದುಕೊಂಡು, ಕೆಲವರಲ್ಲಿ ಕೆಮ್ಮು ತರುತ್ತದೆಂದು ತಿಳಿಯಲಾಗಿದೆ.

ಈ ಔಷಧಗಳ ಹುಟ್ಟು ಹಾವಿನ ವಿಷದಲ್ಲಿ ಎಂದರೆ ಓದುಗರು ನಗಬಾರದು! ಬ್ರೆಜಿಲಿನ ಸೆರ್ಜಿಯೋ ಫೆರೇರಾ ಅವರು 1965ರಲ್ಲಿ ಅಲ್ಲಿನ ಜರರಾಕ ಹಾವಿನ ವಿಷದಲ್ಲಿ ಬ್ರಾಡಿಕೈನಿನ್ನಿನ ಬಲ ಹೆಚ್ಚಿಸುವ ಅಂಶವನ್ನು ಕಂಡರು. ಆ ಜಾಡು ಹಿಡಿದು ಅಮೆರಿಕದಲ್ಲಿ ಒಂಡೆಟ್ಟಿ ಮತ್ತು ಕುಶ್‌ಮನ್ ರೂಪಿಸಿದ ಕ್ಯಾಪ್ಟೋಪ್ರಿಲ್‌ಗೆ 1981ರಲ್ಲಿ ಅಲ್ಲಿ ಅನುಮತಿ ದೊರೆಯಿತು.

2020ರಲ್ಲಿ ಕೊರೋನಾ ವೈರಾಣು ಈ ಕಿಣ್ವದ ಸೋದರನಾದ ಎಸಿಇ-2 ಎಂಬುದನ್ನೇ ಹಿಡಿದು ಜೀವಕೋಶವನ್ನು ಹೊಗುತ್ತದೆಂದು ತಿಳಿದಾಗ, ಹೆದರಿ ಗುಳಿಗೆ ಬಿಡಲು ಹೊರಟವರಿದ್ದರು. ಹಾಗೆ ಬಿಟ್ಟುದರಿಂದ ಲಾಭವಿಲ್ಲವೆಂದು 2021ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಅತ್ತೆಯವರ ವಿಷಯಕ್ಕೆ ಬರೋಣ. ಬೇರೊಬ್ಬ ವೈದ್ಯರು ಗುಳಿಗೆಯ ಹಾಳೆಯನ್ನು ತಿರುಗಿಸಿ ನೋಡಿದವರೇ ಕಾರಣ ತಿಳಿದರು. ‘ಸಾರ್ಟನ್’ ಎಂದು ಕೊನೆಗೊಳ್ಳುವ ಗುಂಪಿನ ಗುಳಿಗೆ ಕೊಟ್ಟರು. ಇವು ಕತ್ತರಿಯನ್ನು ಮುಟ್ಟದೆ ಆಂಜಿಯೋಟೆನ್ಸಿನ್-2ರ ಕೆಲಸವನ್ನಷ್ಟೇ ತಡೆಯುತ್ತವೆ. ಆದ್ದರಿಂದ ಕೆಮ್ಮು ಅಪರೂಪ. ಒತ್ತಡವೂ ಇಳಿಯಿತು, ನಿದ್ದೆಯೂ ಬಂದಿತು.

ಆಸ್ಪತ್ರೆಯಲ್ಲಿ ಹೇಳಲು ಮಾತು ಸಿಗದವರು ತಮಿಳಿನಲ್ಲಿ ‘ವರಟ್ಟು ಇರುಮಲ್’, ತೆಲುಗಿನಲ್ಲಿ ‘ಪೊಡಿ ದಗ್ಗು’ ಎಂದರೆ ಸಾಕು. ಗುಳಿಗೆಯ ಹಾಳೆ ಕೈಯಲ್ಲಿರಲಿ. ತುಟಿ, ನಾಲಗೆ ಊದಿಕೊಂಡರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ ಈ ಎರಡು ಗುಂಪಿನ ಗುಳಿಗೆಗಳೂ ಸಲ್ಲವು.