ರೇಸ್, ಮಟ್ಕಾ: ಹಳಬರ ಸಲಹೆಯಿಂದ ಯಾರಿಗೆ ಲಾಭ?

ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ 1883ರಿಂದಲೂ ಇತಿಹಾಸವಿದೆ. ಚಳಿಗಾಲದಲ್ಲಿ ಮುಂಬಯಿ, ಮಳೆಗಾಲದಲ್ಲಿ ಪುಣೆ ಎಂದು ಕುದುರೆಗಳ ಹಿಂದೆ ಅಲೆಯುವವರಲ್ಲಿ ಕನ್ನಡಿಗರೂ ಇದ್ದಾರೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಇಪ್ಪತ್ತು, ಮೂವತ್ತು ವರ್ಷ ಆಡಿದ ಹಿರಿಯರನ್ನು ಕಂಡೊಡನೆ ಹೊಸಬರು ಕೇಳುವುದು ಒಂದೇ ಮಾತು: "ಇವತ್ತು ಯಾವುದು ಅಣ್ಣಾ?" ಹಿರಿಯರು ಹೇಳಬೇಕೇ, ಬೇಡವೇ?

ರೇಸ್‌ನಲ್ಲಿ ಅನುಭವಕ್ಕೆ ಬೆಲೆ ಇದೆ. ಕುದುರೆಯ ಹಿಂದಿನ ಓಟ, ಹೊರುವ ಭಾರ, ದೂರ, ಜಾಕಿ ಇವನ್ನೆಲ್ಲ ತೂಗಿ ನೋಡುವುದು ಒಂದು ವಿದ್ಯೆಯೇ. ಕುದುರೆ ಪಂದ್ಯ ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೆ ಟೋಟ್‌ನಲ್ಲಿ ಗೆದ್ದವರು ಹಂಚಿಕೊಳ್ಳುವುದು ಎಲ್ಲರೂ ಕಟ್ಟಿದ ಹಣವನ್ನು. ತೆರಿಗೆ, ಕಮಿಷನ್ ಬದಿಗಿಟ್ಟು ನೋಡಿದರೆ, ಒಟ್ಟು ಒಂದು ಲಕ್ಷದಲ್ಲಿ ಒಂದು ಕುದುರೆಯ ಮೇಲೆ ಹತ್ತು ಸಾವಿರ ಇದ್ದಾಗ ಗೆದ್ದವನಿಗೆ ರೂಪಾಯಿಗೆ ಹತ್ತು. ಗುಟ್ಟು ಹರಡಿ ಅದೇ ಕುದುರೆಗೆ ಇನ್ನೂ ಇಪ್ಪತ್ತು ಸಾವಿರ ಬಿದ್ದರೆ ಸಿಗುವುದು ನಾಲ್ಕೇ. ಹೀಗಿರುವಾಗ ಖಚಿತ ಸುದ್ದಿಯನ್ನು ಯಾರಾದರೂ ಪುಕ್ಕಟೆಯಾಗಿ ಏಕೆ ಹಂಚುತ್ತಾರೆ? ಅರ್ಧ ಪೈಸೆ ಬಡ್ಡಿಗಾಗಿ ನಾಲ್ಕು ಬ್ಯಾಂಕು ಸುತ್ತುವ ಮನುಷ್ಯ ಇಲ್ಲಿ ಮಾತ್ರ ಈ ಪ್ರಶ್ನೆ ಕೇಳುವುದಿಲ್ಲ!

ಮಟ್ಕಾದಲ್ಲಂತೂ ಸಲಹೆಗೆ ಅರ್ಥವೇ ಇಲ್ಲ. 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಬೆಳೆಸಿದ ಈ ಕಾನೂನುಬಾಹಿರ ಆಟ ಗಿರಣಿ ಕಾರ್ಮಿಕರ ಚಾಳುಗಳನ್ನು ದಾಟಿ, ಊರಿನಲ್ಲಿ 'ಓಸಿ' ಎಂದು ಹೆಸರಾಯಿತು. ಹತ್ತು ಅಂಕೆಗಳಲ್ಲಿ ಒಂದಕ್ಕೆ ರೂಪಾಯಿ ಕಟ್ಟಿ ಗೆದ್ದರೆ ಸಾಮಾನ್ಯವಾಗಿ ಸಿಗುವುದು ಒಂಬತ್ತು. ಹತ್ತೂ ಅಂಕೆಗೆ ಕಟ್ಟಿದವನಿಗೂ ಒಂದು ರೂಪಾಯಿ ನಷ್ಟ. ಹಳೆಯ ಅಂಕೆಗಳ ಚಾರ್ಟ್ ಹಿಡಿದು ನಾಳೆಯದನ್ನು ಹೇಳುವ 'ಪಂಡಿತ'ರು ಈ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ.

ಜೂಜಿನ ವಿದ್ಯೆಯನ್ನು ಹೇಳಿಕೊಟ್ಟ ಕಥೆ ಪುರಾಣದಲ್ಲೂ ಇದೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಹತ್ತಿರವಾದ ನಳ ರಾಜ್ಯ ಕಳೆದುಕೊಂಡು ಅಯೋಧ್ಯೆಯಲ್ಲಿ ಸಾರಥಿಯಾಗಿದ್ದಾಗ, ದೊರೆ ಋತುಪರ್ಣ ಅವನಿಗೆ ಅಕ್ಷಹೃದಯವನ್ನು ಉಪದೇಶಿಸಿದ. ಅದೂ ಪುಕ್ಕಟೆಯಲ್ಲ. ಪ್ರತಿಯಾಗಿ ಬರಬೇಕಾದ ಅಶ್ವಹೃದಯವನ್ನು ನಳನಲ್ಲೇ ಠೇವಣಿಯಾಗಿ ಬಿಟ್ಟಿದ್ದ ಎನ್ನುತ್ತದೆ ವ್ಯಾಸಭಾರತ.

ಹಾಗೆಂದು ಹಿರಿಯರು ಬಾಯಿ ಮುಚ್ಚಿ ಕೂರಬೇಕೆಂದಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಕಟ್ಟಿದೆ, ಎಷ್ಟು ಬಂತು ಎಂಬ ಜಮಾ-ಖರ್ಚನ್ನು ಅವರು ಧಾರಾಳವಾಗಿ ಹೇಳಲಿ. ಗೆದ್ದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸುವವರು ಸೋತ ದಿನದ ಸುದ್ದಿಯನ್ನು ಮನೆಯವರಿಗೂ ತಿಳಿಸುವುದಿಲ್ಲ. ಇನ್ನು ತೆರಿಗೆ: ರೇಸ್ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿದೆ. ಹಿರಿಯರು ಇದನ್ನು ಮೊದಲು ಹೇಳಿದರೆ, ಕುದುರೆಯ ಹೆಸರು ಕೇಳಲು ಬಂದ ಹುಡುಗರಲ್ಲಿ ಅರ್ಧದಷ್ಟಾದರೂ ಮುಂದಿನ ಲೋಕಲ್ ಹಿಡಿದು ಮನೆಗೆ ಮರಳಿಯಾರು.